ಲಿಡಿಯಾ ಬಾಯಿಯ ಎಡಗಡೆ

ಆ ಗುರುವಾರ ಸಂಜೆ ನಾನು ಮಂಗಳೂರಿನ ಕೊಟ್ಟಾರದ ಆಫೀಸಿನಿಂದ ಎರಡು ಬಸ್ಸು ಹಿಡಿದು ಕುಲಶೇಖರಕ್ಕೆ ಹೋದಾಗ ಲಿಡಿಯಾ ಬಾಯಿ ಅಡುಗೆಮನೆಯಲ್ಲಿ ಹಲಸಿನ ಹಪ್ಪಳ ಕಾಯಿಸುತ್ತಿದ್ದರು. ಪಿಯಾನೊ ನುಡಿಸುವ ಕೈ ಕುದಿಯುವ ಎಣ್ಣೆಯ ಹತ್ತಿರ ಹೋಗಬಾರದು ಎಂಬ ನಿಯಮವನ್ನು ಅವರೇ ಮಾಡಿಕೊಂಡಿದ್ದರು. ಮೀನು ಕತ್ತರಿಸುತ್ತಿರಲಿಲ್ಲ, ತೆಂಗಿನಕಾಯಿ ತುರಿಯುತ್ತಿರಲಿಲ್ಲ, ಬಾವಿಯಿಂದ ನೀರು ಸೇದುತ್ತಿರಲಿಲ್ಲ. ಹಲಸಿನ ಹಪ್ಪಳಕ್ಕೆ ಮಾತ್ರ ವಿನಾಯಿತಿ ಇತ್ತು.

"ಬಾಯಿ, ಬೆರಳು ಸುಟ್ಟರೆ ಎಂತ ಮಾಡ್ತೀರಿ? ಇನ್ನು ಹತ್ತು ದಿನ ಉಂಟು ಅಷ್ಟೆ."

"ಸುಟ್ಟರೆ ಒಂದು ಸುಡ್ತದೆ. ಬಾಕಿ ಒಂಬತ್ತು ಉಂಟಲ್ಲ, ಮಾರಾಯ್ತಿ. ನೀನು ಹೋಗಿ ಕೈ ತೊಳಿ."

ಹಪ್ಪಳ ತಿಂದೆವು. ಹತ್ತು ದಿನ ಬಿಟ್ಟು ನಮ್ಮ ಊರಿನದೇ ಸಭಾಂಗಣದಲ್ಲಿ ಅವರ ಪಿಯಾನೊ ಕಛೇರಿ ಇತ್ತು. ಕೊನೆಯ ಪೀಸನ್ನು ಪುಸ್ತಕ ಇಲ್ಲದೆ, ಕಂಠಪಾಠದಿಂದ ನುಡಿಸುವುದೆಂದು ಅವರು ತೀರ್ಮಾನ ಮಾಡಿದ್ದರು. ಹಾಗೆ ತೀರ್ಮಾನ ಮಾಡಿದ್ದು ನನಗಾಗಿ. ಮೂವತ್ತೊಂದು ವರ್ಷ ಅವರ ಪಕ್ಕದಲ್ಲಿ ಕುಳಿತು ಹಾಳೆ ಮಗುಚಿದ ನಾನು ಒಂದು ಸಲವಾದರೂ ಕೆಳಗೆ, ಜನರ ನಡುವೆ ಕುಳಿತು ಅವರನ್ನು ಕೇಳಬೇಕು ಎಂದು ಆಸೆಪಟ್ಟಿದ್ದೆ.

"ಮೂರನೇ ಸಾಲು, ಎಡದಿಂದ ಐದನೇ ಕುರ್ಚಿ," ಎಂದರು ಬಾಯಿ. "ನಾನು ಕಾರ್ಯಕ್ರಮದವರಿಗೆ ಹೇಳಿ ಇಡಿಸಿದ್ದೇನೆ. ಅಲ್ಲಿಂದ ಕೈ ಕಾಣ್ತದೆ, ಶಬ್ದವೂ ಸರಿ ಬರ್ತದೆ. ನಿನ್ನ ಹಾಳೆ ಕೆಲಸ ಮುಗಿದ ಮೇಲೆ, ಇಂಟರ್ವಲ್ಲಿನಲ್ಲಿ, ಹಸಿರು ಸೀರೆ ಉಡು. ಮಲ್ಲಿಗೆ ಮುಡಿ. ಎರಡು ಕೈಗೂ ಬಳೆ ಹಾಕು. ಎಂತ ಬೇಕಾದರೂ ಮಾಡು, ಕೆಮ್ಮಬೇಡ."

"ಕೆಮ್ಮು ಬಂದರೆ?"

"ನುಂಗು."

ಏಳು ಗಂಟೆಗೆ ನಾನು ಹೊರಟೆ. ಗೇಟಿನವರೆಗೆ ಬಂದರು. ನಾಳೆ ಬರುವಾಗ ಪೌಡರಿನ ಡಬ್ಬಿ ತಾ ಎಂದರು, ತರುತ್ತೇನೆ ಎಂದೆ. ಬಸ್ಸು ಬಂತು, ಹತ್ತಿದೆ. ಅದಕ್ಕಿಂತ ವಿಶೇಷವೇನೂ ಆ ದಿನ ಆಗಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಅವರ ಅಣ್ಣನ ಮಗಳು ಜೆನಿಟಾ ಫೋನ್ ಮಾಡಿದಳು. ಬಾಯಿ ಹಾಸಿಗೆಯಿಂದ ಏಳಲು ಹೋಗಿ ಬಿದ್ದಿದ್ದರು. ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತ್ತು.

ಹಾಳೆ ಮಗುಚುವುದು ಎಂದರೆ ಎಂತ ಕೆಲಸ ಎಂದು ನಿಮಗೆ ಅನ್ನಿಸಬಹುದು. ನನ್ನ ತಂದೆಗೂ ಹಾಗೇ ಅನ್ನಿಸಿತ್ತು. ಪಿಯಾನೊ ನುಡಿಸುವವರಿಗೆ ಎರಡು ಕೈಯೂ ಸದಾ ಕೆಲಸದಲ್ಲಿರುತ್ತವೆ. ಎದುರಿಗಿರುವ ಸ್ವರದ ಪುಸ್ತಕದಲ್ಲಿ ಎರಡು ಪುಟ ಮುಗಿಯುವುದಕ್ಕೆ ಒಂದು ನಿಮಿಷ ಬೇಕು, ವೇಗದ ಪೀಸಾದರೆ ಅಷ್ಟೂ ಬೇಡ. ಆಗ ಯಾರಾದರೂ ಹಾಳೆ ಮಗುಚಬೇಕು. ಅದಕ್ಕೆ ಒಬ್ಬರು ಎಡಗಡೆ, ಒಂದು ಮೊಳ ಹಿಂದೆ, ಸಣ್ಣ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಹೊತ್ತಿಗೆ ಸರಿಯಾಗಿ ಎದ್ದು, ಎಡಗೈಯಿಂದ ಹಾಳೆಯ ಮೇಲಿನ ಮೂಲೆ ಹಿಡಿದು, ನುಡಿಸುವವರ ಕಣ್ಣಿಗೆ ತೋಳು ಅಡ್ಡ ಬಾರದ ಹಾಗೆ ಮಗುಚಿ ಮತ್ತೆ ಕುಳಿತುಕೊಳ್ಳಬೇಕು. ಕೊನೆಗೆ ಚಪ್ಪಾಳೆಯಾಗುವಾಗ ಅವರು ಎದ್ದು ಬಾಗುತ್ತಾರೆ. ನಾವು ಬಾಗಬಾರದು. ನಾನು ಮೊದಲ ಸಲ ಬಾಗಿಬಿಟ್ಟೆ, ಅದೂ ಕೈ ಮುಗಿದು. ಬಾಯಿ ಒಂದು ವಾರ ನಕ್ಕರು.

ಈ ಕೆಲಸ ನನಗೆ ಸಿಕ್ಕಿದ್ದು ಒಂದು ಗೃಹಪ್ರವೇಶದಲ್ಲಿ. ನನ್ನ ತಂದೆ ಕುಲಶೇಖರದ ಹತ್ತಿರದ ಒಂದು ಸಣ್ಣ ದೇವಸ್ಥಾನದಲ್ಲಿ ಅರ್ಚಕರು. ಹೊರಗಿನ ಮನೆಗಳಿಗೂ ಪೂಜೆಗೆ ಹೋಗುತ್ತಿದ್ದರು. ಅವರಿಗೆ ಮಂತ್ರವೆಲ್ಲ ಬರುತ್ತಿತ್ತು, ಆದರೂ ದೊಡ್ಡ ಪೂಜೆಗೆ ಪುಸ್ತಕ ಎದುರಿಗೆ ಬೇಕು. ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಆರತಿ, ಇಲ್ಲವೇ ಎರಡರಲ್ಲೂ ಹೂವು. ಹಾಳೆ ಮಗುಚಲು ಚಿಕ್ಕಂದಿನಿಂದ ನಾನು. ಅವರು ಬಾಯಲ್ಲಿ ಹೇಳುವ ಹಾಗಿಲ್ಲ, ಮಂತ್ರ ನಡೆಯುತ್ತಿರುತ್ತದೆ. ಹುಬ್ಬು ಸ್ವಲ್ಪ ಮೇಲೆ ಹೋಯಿತೆಂದರೆ ಮಗುಚಬೇಕು. ಬೆರಳನ್ನು ನಾಲಿಗೆಗೆ ತಾಗಿಸುವಂತಿಲ್ಲ, ಎಂಜಲು. ಹಾಗಾಗಿ ಒಣ ಬೆರಳಿನಿಂದ ಒಂದೇ ಹಾಳೆ ಎತ್ತುವುದು ನನಗೆ ಆರು ವರ್ಷಕ್ಕೇ ಅಭ್ಯಾಸವಾಗಿತ್ತು.

ಆ ಗೃಹಪ್ರವೇಶಕ್ಕೆ ನೆರೆಮನೆಯವರೆಂದು ಲಿಡಿಯಾ ಬಾಯಿ ಬಂದಿದ್ದರು. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಿ ಅನ್ನುವುದು ರೂಢಿ. ನನಗೆ ಇಪ್ಪತ್ತೆಂಟು, ಅವರಿಗೆ ಮೂವತ್ತೇಳು. ನಾನು ಎಸ್ಸೆಸ್ಸೆಲ್ಸಿ ಮತ್ತು ಟೈಪಿಂಗ್ ಮುಗಿಸಿ ಗುಮಾಸ್ತೆಯಾಗಿದ್ದೆ. ಮದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಊಟಕ್ಕೆ ಕುಳಿತಾಗ ಅವರು ನನ್ನ ಎಲೆಯ ಪಕ್ಕಕ್ಕೆ ಬಂದು ಕುಳಿತರು.

"ನಿನ್ನ ಹೆಸರು ಎಂತ?"

"ಸುಮತಿ."

"ಸುಮತಿ, ನಿನಗೆ ಮಂತ್ರ ಓದಲಿಕ್ಕೆ ಬರ್ತದಾ?"

"ಇಲ್ಲ. ಅದು ಸಂಸ್ಕೃತ."

"ಅದೇ. ನೀನು ಪುಸ್ತಕ ನೋಡ್ತಾ ಇರಲಿಲ್ಲ, ಅಪ್ಪನ ಮುಖ ನೋಡ್ತಾ ಇದ್ದಿ. ನನಗೆ ಅಂಥವಳೇ ಬೇಕು. ಪುಸ್ತಕ ನೋಡುವವರು ತಮ್ಮ ಲೆಕ್ಕಕ್ಕೆ ಮಗುಚ್ತಾರೆ, ನನ್ನ ಲೆಕ್ಕಕ್ಕೆ ಅಲ್ಲ. ಬೊಂಬಾಯಿಯಲ್ಲಿ ಒಬ್ಬ ಇದ್ದಾನೆ, ಹಾಳೆಗೆ ಹಾಳೆಗೆ ಬೆರಳು ನೆಕ್ತಾನೆ."

ಮನೆಗೆ ಬಂದು ತಂದೆಯವರಿಗೆ ಹೇಳಿದೆ. ಅವರು ವೀಳ್ಯದೆಲೆ ಒರೆಸುತ್ತಿದ್ದರು. "ಅವರ ಪೂಜೆಗೂ ಒಂದು ಜನ ಬೇಕು," ಎಂದರು. "ಹೋಗು. ಆದರೆ ಬೆರಳು ನಾಲಿಗೆಗೆ ತಾಗಿಸಬೇಡ."

ತಾಯಿ ಒಪ್ಪಲಿಲ್ಲ. ಕಾರಣ ಸ್ಟೇಜು ಅಲ್ಲ, ಬಳೆ. ಹಾಳೆ ಮಗುಚುವವಳು ಬಳೆ ಹಾಕುವ ಹಾಗಿಲ್ಲ, ಶಬ್ದವಾಗುತ್ತದೆ. ಹೊಳೆಯುವ ಸೀರೆ ಉಡುವ ಹಾಗಿಲ್ಲ, ಜನರ ಕಣ್ಣು ಹೋಗುತ್ತದೆ. ಮಲ್ಲಿಗೆ ಮುಡಿಯುವ ಹಾಗಿಲ್ಲ, ಆ ಪರಿಮಳಕ್ಕೆ ಬಾಯಿಗೆ ಸೀನು. "ಬರಿಗೈಯಲ್ಲಿ, ಬೂದಿ ಬಣ್ಣದ ಸೀರೆ ಉಟ್ಟು, ಹೂವಿಲ್ಲದೆ ಹೋಗಿ ಕೂತುಕೊಳ್ಳಲಿಕ್ಕೆ ಅದು ಯಾರ ಬೊಜ್ಜ?" ಎಂದು ತಾಯಿ ಕೇಳಿದರು. ಬೊಜ್ಜ ಎಂದರೆ ತುಳುವಿನಲ್ಲಿ ಸತ್ತವರ ಉತ್ತರಕ್ರಿಯೆ. ಕೊನೆಗೆ ಒಂದು ತೆಳು ಬಂಗಾರದ ಬಳೆಯನ್ನು ಮೊಣಕೈಯವರೆಗೆ ದೂಡಿ ರವಿಕೆಯ ತೋಳಿನೊಳಗೆ ಸಿಕ್ಕಿಸಿ ಕಳಿಸಿದರು. ಅದು ಅಲ್ಲಿ ಎರಡು ಗಂಟೆ ಒತ್ತಿ ಕೆಂಪು ಗೆರೆ ಬೀಳುತ್ತಿತ್ತು. ತಾಯಿ ತೀರಿಹೋಗುವವರೆಗೂ ನಾನು ಹಾಗೆಯೇ ಹಾಕಿಕೊಂಡೆ.

ಲಿಡಿಯಾ ಬಾಯಿ ಎಷ್ಟು ದೊಡ್ಡವರು ಎಂದು ನನಗೆ ತಿಳಿದದ್ದು ಊರಿನ ಹೊರಗೆ. ಇಲ್ಲಿ ಅವರು ಪಿಯಾನೊ ಟೀಚರ್. ಮಕ್ಕಳಿಗೆ ಕಲಿಸುವವರು, ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ ನುಡಿಸುವವರು. ಎಷ್ಟೋ ಜನ ಮದುವೆಯ ರಿಸೆಪ್ಶನ್ನಿಗೆ ಕರೆದು, ಜನ ಊಟ ಮಾಡುವಾಗ ಸ್ವಲ್ಪ ಮೆಲ್ಲಗೆ ಬಾರಿಸಿ ಎನ್ನುತ್ತಿದ್ದರು. ಮೊದಲು ಕಾನ್ವೆಂಟಿನ ಒಬ್ಬ ಸಿಸ್ಟರ್ ಅವರಿಗೆ ಕಲಿಸಿದ್ದು. ಮುಂದೆ ಸ್ಕಾಲರ್‌ಶಿಪ್ಪಿನಲ್ಲಿ ಯುರೋಪಿಗೆ ಹೋಗಿ ನಾಲ್ಕು ವರ್ಷ ಕಲಿತರು. ಅಲ್ಲಿಯೇ ನಿಲ್ಲಬಹುದಿತ್ತು, ಏಕೆ ಬಂದಿರಿ ಎಂದು ಒಮ್ಮೆ ಕೇಳಿದೆ. "ಅಲ್ಲಿ ಒಂದೊಂದು ಬೀದಿಯಲ್ಲಿ ನನ್ನಂಥ ಹತ್ತು ಜನ ಇದ್ದರು. ಇಲ್ಲಿ ನಾನೊಬ್ಬಳೇ. ಸೋಮಾರಿ ಅಲ್ವಾ ನಾನು," ಎಂದರು. ಬೆಳಿಗ್ಗೆ ಐದೂವರೆಯಿಂದ ಎಂಟೂವರೆಯವರೆಗೆ ದಿನವೂ ಅಭ್ಯಾಸ ಮಾಡುವ ಸೋಮಾರಿ.

ಮುಂಬೈ, ಪುಣೆ, ಗೋವಾ, ಕೋಲ್ಕತ್ತಾ, ಕೊಲಂಬೊ. ಆಫೀಸಿನಲ್ಲಿ ನನ್ನ ರಜೆಯೆಲ್ಲ ಅದಕ್ಕೇ ಮುಗಿಯುತ್ತಿತ್ತು. ಅಲ್ಲಿ ದೊಡ್ಡ ದೊಡ್ಡ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಪುಸ್ತಕ ಎದೆಗೆ ಹಿಡಿದು ಪರದೆಯ ಹಿಂದೆ ಹೋಗುತ್ತಿದ್ದೆ. ನನ್ನ ಹೆಸರು ಯಾವ ಕಾರ್ಯಕ್ರಮ ಪಟ್ಟಿಯಲ್ಲೂ ಇಲ್ಲ. ಇದ್ದಿದ್ದರೆ ನನಗೆ ಭಯವಾಗುತ್ತಿತ್ತು.

ಮಂಗಳೂರಿನ ಮಳೆಗಾಲ ಪಿಯಾನೊದ ದೊಡ್ಡ ಶತ್ರು. ಮನೆಯ ಪಿಯಾನೊದ ಹೊಟ್ಟೆಯೊಳಗೆ ಜೂನಿನಿಂದ ಅಕ್ಟೋಬರಿನವರೆಗೆ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು, ತಂತಿಗೆ ತುಕ್ಕು ಬಾರದಿರಲಿ, ಒಳಗಿನ ಉಣ್ಣೆಗೆ ಬೂಸ್ಟು ಹಿಡಿಯದಿರಲಿ ಎಂದು. ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟುತ್ತಿದ್ದವು. ಕಛೇರಿಯ ಮುಂಚಿನ ದಿನ ನಾನು ಕುಳಿತು ಪ್ರತಿ ಹಾಳೆಗೂ ಮೈಗೆ ಹಾಕುವ ಪೌಡರು ಸವರುತ್ತಿದ್ದೆ, ಮೂಲೆಗಳನ್ನು ಸ್ವಲ್ಪ ಮಡಚಿಡುತ್ತಿದ್ದೆ. ಸ್ವರ ಓದಲು ನನಗೆ ಕೊನೆಯವರೆಗೂ ಬರಲಿಲ್ಲ. ಹಾಳೆ ಕಣ್ಣಿಗೆ ಕಾಣುವ ಹಾಗೆ ಪೀಸುಗಳಿಗೆ ನಾನೇ ಹೆಸರು ಇಟ್ಟುಕೊಂಡಿದ್ದೆ. ಇರುವೆ ಸಾಲಿನದ್ದು, ಮೆಟ್ಟಿಲಿನದ್ದು, ಜಿಡ್ಡಿನ ಕಲೆಯದ್ದು. ಬಾಯಿಯೂ ಅದನ್ನೇ ಹೇಳುತ್ತಿದ್ದರು. "ಗೋವಾದಲ್ಲಿ ಮೊದಲು ಇರುವೆ, ಮತ್ತೆ ಜಿಡ್ಡು," ಎಂದು ಅವರು ನನಗೆ ಫೋನಿನಲ್ಲಿ ಹೇಳುವುದನ್ನು ಅವರ ದೊಡ್ಡ ಜನ ಕೇಳಿದ್ದರೆ ಏನೆನ್ನುತ್ತಿದ್ದರೋ.

ಆರಂಭದಲ್ಲಿ ನಮ್ಮ ಸಂಕೇತ ತಲೆ ಅಲ್ಲಾಡಿಸುವುದು. ಬಾಯಿ ಗದ್ದ ಸ್ವಲ್ಪ ಕೆಳಗೆ ತಂದರೆ ನಾನು ಮಗುಚಬೇಕು. ಅದು ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೇ ವರ್ಷ, ಊರಿನಲ್ಲೇ ಒಂದು ಕಛೇರಿ. ಮೆಟ್ಟಿಲಿನ ಪೀಸು ಅರ್ಧದಲ್ಲಿದೆ. ಪಕ್ಕದ ಬಾಗಿಲಿನಿಂದ ಅವರ ಚರ್ಚಿನ ವಯಸ್ಸಾದ ಫಾದರ್ ತಡವಾಗಿ ಒಳಗೆ ಬಂದರು. ಚಿಕ್ಕಂದಿನಿಂದ ಬಾಯಿಯ ಮನೆಯಲ್ಲಿ ಮಕ್ಕಳಿಗೆ ಕಲಿಸಿದ್ದು ಏನೆಂದರೆ ಫಾದರನ್ನು ಕಂಡ ಕೂಡಲೇ ತಲೆ ಬಾಗಿಸಿ ಆಶೀರ್ವಾದ ಬೇಡಬೇಕು. ಬಾಯಿ ಎರಡು ಕೈಯಲ್ಲಿ ನುಡಿಸುತ್ತಾ ತಲೆ ಬಾಗಿಸಿದರು. ನಾನು ಎದ್ದು ಹಾಳೆ ಮಗುಚಿದೆ.

ಇನ್ನೂ ಮುಕ್ಕಾಲು ಪುಟ ಬಾಕಿ ಇತ್ತು. ಬಾಯಿಯ ಕಿವಿ ಕೆಂಪಾದದ್ದು ನನಗೆ ಕಂಡಿತು, ಕೈ ಮಾತ್ರ ನಿಲ್ಲಲಿಲ್ಲ. ನೆನಪಿದ್ದದ್ದನ್ನು ನೆನಪಿನಿಂದ, ಉಳಿದದ್ದನ್ನು ದೇವರ ದಯೆಯಿಂದ ನುಡಿಸಿ ಮುಂದಿನ ಪುಟವನ್ನು ಹಿಡಿದರು. ಜನರಿಗೆ ತಿಳಿಯಲಿಲ್ಲ. ನಾನು ಹಿಂದೆ ಕೋಣೆಯಲ್ಲಿ ಅಳುತ್ತಾ ನಿಂತಿದ್ದೆ.

"ನೀನು ಎಂತಕ್ಕೆ ಅಳುವುದು? ತಲೆ ಆಡಿಸಿದ್ದು ನಾನು."

"ನೀವು ಫಾದರಿಗೆ ಆಡಿಸಿದ್ದು, ಬಾಯಿ."

"ಹೌದಲ್ಲ. ಆ ಮುದುಕರಿಗೆ ಹೊತ್ತಿಗೆ ಸರಿ ಬರಲಿಕ್ಕೆ ಎಂತ ಧಾಡಿ. ನಾಳೆ ಚರ್ಚಿನ ಪೂಜೆಗೆ ನಾನು ತಡ ಮಾಡಿ ಹೋಗ್ತೇನೆ, ನೋಡು."

ಅಲ್ಲಿಂದ ಮುಂದೆ ತಲೆ ಬೇಡವೆಂದು ಆಯಿತು. ಬದಲಿಗೆ ಅವರು ಮೂಗಿನೊಳಗೆ ಸಣ್ಣಗೆ 'ಹ್ಞೂಂ' ಎನ್ನುತ್ತಿದ್ದರು. ಮಗುವಿಗೆ ಕತೆ ಹೇಳುವಾಗ ಅದು ನಡುವೆ ಹೂಂಗುಟ್ಟುತ್ತದಲ್ಲ, ಆ ರೀತಿ. ಒಂದು ಮೊಳ ದೂರದಲ್ಲಿದ್ದ ನನಗೆ ಮಾತ್ರ ಕೇಳಿಸುವಷ್ಟು. ಆ 'ಹ್ಞೂಂ' ತಪ್ಪಿಹೋದರೆ ಎಂಬ ಭಯದಲ್ಲಿ ನಾನು ಇಡೀ ಎರಡು ಗಂಟೆ ಕಿವಿಯನ್ನು ಅದೊಂದಕ್ಕೇ ಕೊಟ್ಟು ಕುಳಿತಿರುತ್ತಿದ್ದೆ. ಪಿಯಾನೊದ ಶಬ್ದ ನನಗೆ ಅಡ್ಡಿ. ಜೋರಾಗಿ ನುಡಿಸುವ ಕಡೆ, ಇಷ್ಟು ಗಲಾಟೆಯಲ್ಲಿ 'ಹ್ಞೂಂ' ಹೇಗೆ ಕೇಳಲಿ ಎಂದು ಸಿಟ್ಟು ಬರುತ್ತಿತ್ತು.

ಇದನ್ನು ಅವರಿಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಪುಣೆಯಿಂದ ಬರುವ ರೈಲಿನಲ್ಲಿ. ಎದುರು ಸೀಟಿನ ಹೆಂಗಸೊಬ್ಬರು, ಇವರ ವಾದನ ಹೇಗಿರುತ್ತದೆ ಎಂದು ನನ್ನನ್ನು ಕೇಳಿದರು. ಚೆನ್ನಾಗಿರುತ್ತದೆ ಎಂದೆ. ಆ ಹೆಂಗಸು ಮಲಗಿದ ಮೇಲೆ ಬಾಯಿ ಕೇಳಿದರು, "ಅಷ್ಟೆಯಾ? ಚೆನ್ನಾಗಿರ್ತದೆ?"

"ನಾನು ಕೇಳಿದರೆ ತಾನೇ, ಬಾಯಿ. ನನಗೆ ನಿಮ್ಮ ಹ್ಞೂಂ ಮಾತ್ರ ಕೇಳುವುದು."

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. "ಇಷ್ಟು ವರ್ಷ ನಾನು ಯಾರಿಗೆ ನುಡಿಸಿದೆ ಹಾಗಾದರೆ," ಎಂದರು. ದೀಪ ಆರಿಸುತ್ತಾ, "ಒಂದು ಸಲ ನಿನ್ನನ್ನು ಕೆಳಗೆ ಕೂರಿಸ್ತೇನೆ. ನೀನು ಕೇಳಲೇಬೇಕು," ಎಂದರು.

ಆದರೆ ಕೂಡಿಬರಲಿಲ್ಲ. ಬೇರೆಯವರು ಮಗುಚಿದರೆ ಅವರಿಗೆ ಧೈರ್ಯವಿಲ್ಲ. ಎರಡು ಸಲ ಪ್ರಯತ್ನಪಟ್ಟು, ಎರಡು ಸಲವೂ ಕೊನೆಯ ಗಳಿಗೆಯಲ್ಲಿ ನನ್ನನ್ನು ಮೇಲೆ ಕರೆದರು. ಮನೆಯಲ್ಲಿ ಕೇಳಬಹುದಿತ್ತಲ್ಲ ಎಂದು ನೀವು ಹೇಳಬಹುದು. ಮನೆಯಲ್ಲಿ ಅವರು ಪೀಸನ್ನು ತುಂಡು ತುಂಡು ಮಾಡಿ ಒಂದೇ ಗೆರೆಯನ್ನು ನಲವತ್ತು ಸಲ ನುಡಿಸುತ್ತಿದ್ದರು. ಪೂರ್ತಿಯಾಗಿ ನುಡಿಸುವಾಗ ನಾನು ಎಡಗಡೆ ಇರಲೇಬೇಕು. ಹಾಗಾಗಿ ಅರವತ್ತೆಂಟನೆಯ ವಯಸ್ಸಿನಲ್ಲಿ, ನನಗಾಗಿ, ಹದಿನೆಂಟು ಪುಟದ ಒಂದು ಪೀಸನ್ನು ನಾನಿಲ್ಲದ ಬೆಳಗಿನ ಹೊತ್ತಿನಲ್ಲಿ ಅವರು ಏಳು ತಿಂಗಳು ಕುಳಿತು ಕಂಠಪಾಠ ಮಾಡಿದರು. ಇನ್ನು ಹತ್ತು ದಿನ ಇತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮಾತು ಮೆಲ್ಲಗೆ ತಿರುಗಿ ಬಂತು. ಬಲಗೈ ಬರಲಿಲ್ಲ. ನಾನು ದಿನವೂ ಸಂಜೆ ಹೋಗಿ ಆ ಕೈಗೆ ಎಣ್ಣೆ ತಿಕ್ಕಿ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಿದ್ದೆ. "ಕಿರುಬೆರಳು ಬಿಡು, ಅವನು ಮೊದಲಿನಿಂದಲೂ ಸೋಮಾರಿ," ಎನ್ನುತ್ತಿದ್ದರು.

ಐದನೆಯ ತಿಂಗಳಿನಲ್ಲಿ ಒಂದು ಭಾನುವಾರ, ತನ್ನನ್ನು ಪಿಯಾನೊದ ಎದುರು ಕೂರಿಸು ಎಂದರು. ಜೆನಿಟಾ ಮತ್ತು ನಾನು ಹಿಡಿದು ಕೂರಿಸಿದೆವು. ಅಭ್ಯಾಸಬಲದಿಂದ ನಾನು ಎಡಕ್ಕೆ ಹೋಗಿ ನಿಂತೆ.

"ಅಲ್ಲಿ ಅಲ್ಲ. ಆಚೆ ಹೋಗಿ ಕೂತುಕೊ. ಬಾಗಿಲಿನ ಹತ್ತಿರ."

ಕುಳಿತೆ. ಎಡಗೈಯಿಂದ ಮಾತ್ರ ಅವರು ಕಂಠಪಾಠದ ಆ ಪೀಸು ಸುರು ಮಾಡಿದರು. ಬಲಗೈಯ ಜಾಗದಲ್ಲಿ ಏನೂ ಇಲ್ಲ. ಗೋಡೆಯ ಆಚೆ ಯಾರೋ ನಡೆದಾಡಿದ ಹಾಗೆ ಒಂದು ಶಬ್ದ. ನಾಲ್ಕು ಗೆರೆ ಆಗಿರಬೇಕು, ನಿಲ್ಲಿಸಿದರು. ತಿರುಗಲು ಆಗುತ್ತಿರಲಿಲ್ಲ, ಪಿಯಾನೊಗೇ ಹೇಳಿದ ಹಾಗೆ ಹೇಳಿದರು, "ಸುಮತಿ, ಇದನ್ನು ಲೆಕ್ಕಕ್ಕೆ ಹಿಡಿಯಬೇಡ. ಇದು ಅದು ಅಲ್ಲ."

"ಇಲ್ಲ ಬಾಯಿ. ಹಿಡಿಯುವುದಿಲ್ಲ."

"ಕೇಳಿದೆ ಅಂತ ಯಾರಿಗೂ ಹೇಳಬೇಡ."

"ಹೇಳುವುದಿಲ್ಲ."

ಎಂಟನೆಯ ತಿಂಗಳಿನಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ, ಗಂಜಿ ಕುಡಿದು ಮಲಗಿದವರು ಏಳಲಿಲ್ಲ. ನಾನು ಆಗ ಆಫೀಸಿನಲ್ಲಿದ್ದೆ. ಚರ್ಚಿನಲ್ಲಿ ಮನೆಯವರೆಲ್ಲ ಮುಂದೆ, ನನ್ನಂಥವರು ಹಿಂದೆ. ಜೆನಿಟಾ ಬಂದು, "ಸುಮತಿ ಆಂಟಿ, ಮುಂದೆ ಬನ್ನಿ, ನೀವು ಹಿಂದೆ ಎಂತ ಮಾಡುವುದು," ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಹೋಗಿ ಕುಳಿತ ಮೇಲೆ ನೋಡುತ್ತೇನೆ, ಶವಪೆಟ್ಟಿಗೆಯ ಎಡಗಡೆಗೇ ಕುಳಿತಿದ್ದೆ. ಎದ್ದು ಬಲಕ್ಕೆ ಹೋಗೋಣ ಅನ್ನಿಸಿತು. ಆದರೆ ಎಲ್ಲರೂ ಮೊಣಕಾಲೂರಿದ್ದರು, ದಾರಿ ಇರಲಿಲ್ಲ.

ತಿಂಗಳು ಕಳೆದ ಮೇಲೆ ಜೆನಿಟಾ ನನಗೊಂದು ಪೆನ್‌ಡ್ರೈವ್ ತಂದುಕೊಟ್ಟಳು. ಅವಳು ಕಾಟಿಪಳ್ಳದ ಒಂದು ಶಾಲೆಯಲ್ಲಿ ಟೀಚರ್. ಅದರಲ್ಲಿ ಮುಂಬೈಯ ಎರಡು ಕಛೇರಿ, ಕೊಲಂಬೊದ ಒಂದು. ಈಗಲಾದರೂ ಕೇಳುತ್ತೇನೆ ಎಂದು ಬಾಗಿಲು ಹಾಕಿ ಕುಳಿತೆ. ಒಂದು ನಿಮಿಷ ಆಗಿರಲಿಲ್ಲ, 'ಹ್ಞೂಂ' ಕೇಳಿಸಿತು. ಯಾರೂ ಗಮನಿಸದಷ್ಟು ಸಣ್ಣ ಶಬ್ದ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ, ಎಡಗೈ ಮುಂದೆ ಚಾಚಿತ್ತು. ಹಾಳೆ ಮಗುಚಿದ ಸದ್ದೂ ಬಂತು, ಅದು ನನ್ನದು. ಮತ್ತೆ ಕುಳಿತೆ. ಮತ್ತೆ ಮುಂದಿನ 'ಹ್ಞೂಂ'ಗೆ ಕಾಯತೊಡಗಿದೆ. ಹೀಗೆ ಎಷ್ಟೋ ದಿನ ಪ್ರಯತ್ನಿಸಿದೆ. ಅದರಲ್ಲಿರುವ ಎಲ್ಲ 'ಹ್ಞೂಂ'ಗಳೂ ಎಲ್ಲೆಲ್ಲಿ ಬರುತ್ತವೆ ಎಂದು ನನಗೆ ಈಗ ಗೊತ್ತು. ಅವುಗಳ ನಡುವೆ ಏನಿದೆ ಎಂದು ಹೇಳಲು ಬರುವುದಿಲ್ಲ. ಕಂಠಪಾಠ ಮಾಡಿದ ಆ ಹದಿನೆಂಟು ಪುಟ ಯಾವ ಪೆನ್‌ಡ್ರೈವಿನಲ್ಲೂ ಇಲ್ಲ.

ಮೊನ್ನೆ ಬಾಯಿಯ ಬೀದಿಯಲ್ಲಿ ಮೀನು ಮಾರುವ ಗುಲಾಬಿ ಸಿಕ್ಕಿದಳು. ಬುಟ್ಟಿ ಇಳಿಸಿ ಮಾತಿಗೆ ನಿಂತಳು. "ಬಾಯಮ್ಮ ಬೆಳಿಗ್ಗೆ ಬಾರಿಸುವಾಗ ನಾನು ಅಲ್ಲಿ ಮೆಟ್ಟಿಲಲ್ಲಿ ಕೂರುವುದು ಅಕ್ಕ, ಬಿಸಿಲು ಏರಿದರೂ. ಒಂದು ಬಾರಿಸ್ತಿದ್ದರು ನೋಡಿ, ಮೊದಲು ಹೇಳದೆ ಹೋದ ಮಗಳನ್ನು ಕರೆದ ಹಾಗೆ, ಮತ್ತೆ ಅವಳು ಬಂದ ಹಾಗೆ. ಯಾವುದು ಅದು, ನಿಮಗೆ ಗೊತ್ತಿರಬೇಕಲ್ಲ?" ಗೊತ್ತಿಲ್ಲ ಎಂದೆ. ಅವಳು ನನ್ನನ್ನು ಒಂದು ಥರ ನೋಡಿ ಬುಟ್ಟಿ ಎತ್ತಿಕೊಂಡಳು.

ಬಾಯಿಯ ಚರ್ಚಿನವರು ಒಂದು ನೆನಪಿನ ಪುಸ್ತಕ ತರುತ್ತಿದ್ದಾರೆ. ಎಲ್ಲರಿಗಿಂತ ಹತ್ತಿರ ಕುಳಿತು ಕೇಳಿದವರು ನೀವೇ ಎಂದು ನನ್ನಿಂದಲೂ ಬರೆಸಿದರು. ಬರೆದದ್ದು ಇಷ್ಟು. ಅದನ್ನು ಓದಿದ ಅವರು, ಚೆನ್ನಾಗಿದೆ, ಆದರೆ ಬಾಯಿಯ ವಾದನ ಹೇಗಿತ್ತು ಎಂದು ಕೊನೆಯಲ್ಲಿ ನಾಲ್ಕು ಸಾಲು ಸೇರಿಸಿ ಎಂದು ವಾಪಸು ಕಳಿಸಿದ್ದಾರೆ. ಮೂರು ವಾರದಿಂದ ಇದು ನನ್ನ ಮೇಜಿನ ಮೇಲೆ ಇದೆ.

ಆ ನಾಲ್ಕು ಸಾಲು ನನ್ನ ಹತ್ತಿರ ಇಲ್ಲ.